ಟಾರು ಬಳಿದ ಕಾಲು

ಮೊದಲು ಸಿಕ್ಕಿಬಿದ್ದದ್ದು ಹಾಸಿಗೆಯ ಮೇಲುಹೊದಿಕೆ. ಒಗೆಯಲು ಎಳೆದಾಗ ನನ್ನ ಗಂಡ ತೌನೊ ಮಲಗುವ ಬದಿಯಲ್ಲಿ, ಕಾಲಿನ ಕಡೆ, ಅಂಗೈಯಗಲದ ಕಪ್ಪು ಕಲೆ ಕಂಡಿತು. ಮೂಸಿ ನೋಡಿದೆ. ಟಾರು. ರಸ್ತೆಯದಲ್ಲ, ಪೈನ್ ಮರದ ಬೇರು ಸುಟ್ಟು ಇಳಿಸಿ ದೋಣಿಗೆ ಬಳಿಯುವ ಟಾರು. ಆ ವಾಸನೆ ನಮ್ಮ ಸರೋವರದ ದಡದಲ್ಲಿ ಯಾರಿಗೂ ಹೊಸದಲ್ಲ, ಕೆಟ್ಟದ್ದೂ ಅಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ನೆಲಮಾಳಿಗೆಯಲ್ಲಿ ಆಲೂಗಡ್ಡೆ ಮೂಟೆಯ ತಳದಲ್ಲಿ ಒಂದೇ ಒಂದು ಗಡ್ಡೆ ಕೊಳೆತರೆ ಬರುತ್ತದಲ್ಲ, ಅದು.

ನಿವೃತ್ತಿಯಾಗುವವರೆಗೂ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ನಾನು. ಮೀನಿನ ಕರುಳು, ರಕ್ತ, ಮಕ್ಕಳ ವಾಂತಿ, ಯಾವುದಕ್ಕೂ ಹೇಸಿದವಳಲ್ಲ. ಬೂಷ್ಟು ಮಾತ್ರ ನನಗಾಗದು. ಬ್ರೆಡ್ಡಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಕಂಡರೆ ಬ್ರೆಡ್ಡನ್ನೂ ಎಸೆದು, ಅದನ್ನಿಟ್ಟಿದ್ದ ಡಬ್ಬಿಯನ್ನೂ ಎಸೆಯುತ್ತಿದ್ದೆ. ಸತ್ತದ್ದು ಸತ್ತ ಹಾಗೆ ಬಿದ್ದಿರಬೇಕು. ಅದರ ಮೇಲೆ ಕೂದಲು ಹುಟ್ಟುವುದೆಂದರೆ ಏನರ್ಥ? "ಸಿರ್ಕಾ ಮುಖ ನೋಡಿದ್ರೆ ಸಾಕು, ಯಾವ ಪಾತ್ರೆ ಹಳಸಿದೆ ಅಂತ ಗೊತ್ತಾಗುತ್ತೆ" ಎಂದು ಜೊತೆಯ ಅಡುಗೆಯವರು ನನ್ನ ಹೆಸರು ಹಿಡಿದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ನನ್ನ ಎಡಗಡೆಯ ಕಿಡ್ನಿಯನ್ನು ತೌನೊನಿಗೆ ಕೊಟ್ಟಿದ್ದೆ. ಅವನವೆರಡೂ ಕೆಟ್ಟು, ದಿನ ಬಿಟ್ಟು ದಿನ ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿಹಾಕಿಸಿಕೊಂಡು ಬರುತ್ತಿದ್ದ. ಮೊದಲೇ ಮಾತು ಕಮ್ಮಿ. ಆಮೇಲಂತೂ ಮನೆಯಲ್ಲಿ ಇನ್ನೊಂದು ಕುರ್ಚಿ ಇದ್ದ ಹಾಗೆ ಇರುತ್ತಿದ್ದ. ತ್ಯಾಗ, ಪ್ರೀತಿ ಎಂದೆಲ್ಲ ಚರ್ಚಿನ ಹೆಂಗಸರು ಹೇಳಿದರು, ಹೇಳಲಿ. ನನಗೆ ಗಂಡ ಬೇಕಿತ್ತು, ಕೊಟ್ಟೆ. ಅವನ ಕಿಬ್ಬೊಟ್ಟೆಯ ಬಲಗಡೆ ಹೊಲಿಸಿಕೊಂಡು ಕೂತ ನನ್ನ ಕಿಡ್ನಿ ಮೊದಲ ದಿನವೇ ಬಕೆಟ್ಟುಗಟ್ಟಲೆ ಕೆಲಸ ಮಾಡಿತು. ಅವತ್ತಿನಿಂದ ತೌನೊ ಅದನ್ನು ಕರೆಯುತ್ತಿದ್ದದ್ದೇ "ನಿನ್ನದು" ಎಂದು. ಬೆಳಿಗ್ಗೆ ಬಚ್ಚಲಿಂದ ಬಂದು, "ನಿನ್ನದು ಇವತ್ತು ಚೆನ್ನಾಗಿ ಓಡ್ತಿದೆ" ಎನ್ನುತ್ತಿದ್ದ, ಬಾಡಿಗೆಗೆ ತಂದ ಗಾಡಿಯ ಬಗ್ಗೆ ಹೇಳುವಂತೆ.

ಆಪರೇಷನ್ ಆದಾಗ ಡಾಕ್ಟರ್ ವಾರಾ ಎಂಬಾಕೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. ಮೈಯೊಳಗೆ ಕಾವಲುಗಾರರಿರುತ್ತಾರೆ; ಪರಕೀಯವಾದದ್ದು ಒಳಗೆ ಬಂದರೆ ಹೊಡೆದು ಓಡಿಸುತ್ತಾರೆ. ನನ್ನ ಕಿಡ್ನಿಯೂ ಅವರಿಗೆ ಪರಕೀಯವೇ. ಹಾಗಾಗಿ ದಿನಾ ಮಾತ್ರೆ ಕೊಟ್ಟು ಅವರನ್ನು ಮಲಗಿಸಬೇಕು, ಬದುಕಿರುವವರೆಗೂ. ಆದರೆ ಮಲಗಿದ ಕಾವಲುಗಾರ ಕಳ್ಳ ಬಂದರೂ ಏಳುವುದಿಲ್ಲ. ಅದಕ್ಕೇ ಕೊಳೆತ ಎಲೆ, ಗೊಬ್ಬರದ ಗುಂಡಿ, ಹಳೇ ಸೌದೆ, ಇವುಗಳ ಹತ್ತಿರ ಬರಿಗೈ ಬರಿಗಾಲಲ್ಲಿ ಸುಳಿಯಬೇಡಿ, ಗೀರು ಬಿದ್ದರೂ ಬಂದು ತೋರಿಸಿ ಎಂದಳು. ತೌನೊ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಕಲೆ ಕಾಣುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಅವನು ಸೌನಾ ತಪ್ಪಿಸತೊಡಗಿದ. ಮದುವೆಯಾದಾಗಿನಿಂದ ಶನಿವಾರ ಸಂಜೆ ಒಟ್ಟಿಗೆ ಬೆವರಿ, ಒಟ್ಟಿಗೆ ನೀರಿಗಿಳಿದವರು ನಾವು. ಜಗಳವಾಡಿ ವಾರವೆಲ್ಲ ಮಾತು ಬಿಟ್ಟಾಗಲೂ ಆ ಬಿಸಿಕೋಣೆಯ ಹಲಗೆಯ ಮೇಲೆ ಬೆತ್ತಲೆ ಅಕ್ಕಪಕ್ಕ ಕೂತು, ಕಾದ ಕಲ್ಲಿನ ಮೇಲೆ ಒಬ್ಬರಾದ ಮೇಲೊಬ್ಬರು ನೀರೆರಚಿ, ಮಾತಿಲ್ಲದೆಯೇ ರಾಜಿಯಾಗುತ್ತಿದ್ದೆವು. ಈಗ ಅವನೇ ಸೌದೆ ಹಾಕಿ ಒಲೆ ಕಾಯಿಸಿ, "ನೀನ್ ಹೋಗ್ಬಾ, ನಾನಾಮೇಲೆ" ಎನ್ನತೊಡಗಿದ. ಒಂದು ವಾರ ಮಂಡಿನೋವು, ಒಂದು ವಾರ ರೇಡಿಯೋದಲ್ಲಿ ವಾರ್ತೆ. ಇನ್ನೊಬ್ಬಳನ್ನು ಕಟ್ಟಿಕೊಂಡನೋ ಎಂದು ಒಂದು ಗಳಿಗೆ ಯೋಚಿಸಿ ನಾನೇ ನಕ್ಕೆ. ಎರಡು ಮಾತಾಡಲು ಎರಡು ದಿನ ಬೇಕಾದವನಿಗೆ ಯಾರು ಸಿಕ್ಕಾರು.

ಕಲೆ ಕಂಡ ವಾರ ನಾನು ಸೌನಾ ಮುಗಿಸಿ ಮನೆಗೆ ಹೋದವಳಂತೆ ಹೋಗಿ, ಸೌದೆ ಕೊಟ್ಟಿಗೆಯ ಹಿಂದೆ ನಿಂತೆ. ಅವನು ಒಳಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆದೆ.

ತೌನೊ ಕೆಳಗಿನ ಹಲಗೆಯ ಮೇಲೆ ಕೂತಿದ್ದ. ಎಡಗಾಲನ್ನು ಬೋರಲು ಹಾಕಿದ ಬಕೆಟ್ಟಿನ ಮೇಲಿಟ್ಟುಕೊಂಡು, ಬಣ್ಣದ ಬ್ರಷ್ಷಿನಿಂದ ಮಂಡಿಯ ಕೆಳಗೆ ಟಾರು ಬಳಿಯುತ್ತಿದ್ದ. ಪಕ್ಕದಲ್ಲಿ ತುಕ್ಕು ಹಿಡಿದ ಡಬ್ಬಿ. ಬೇಲಿಗೂಟಕ್ಕೆ ಬಳಿಯುವವನ ಶ್ರದ್ಧೆ ಮುಖದಲ್ಲಿ.

"ಬಾಗ್ಲು ಹಾಕು, ಬಿಸಿ ಹೋಗುತ್ತೆ" ಎಂದ.

"ಬಿಸಿ ಹಾಳಾಗ್ಲಿ. ಏನದು?"

"ಏನಿಲ್ಲ. ಸೌದೆ ತರಚಿದ್ದು."

"ಯಾವಾಗ?"

"ಹಿಮ ಬೀಳೋಕ್ ಮುಂಚೆ."

ಈಗ ಹಿಮ ಕರಗಿ, ಬರ್ಚ್ ಮರಗಳಲ್ಲಿ ಇಲಿಕಿವಿಯಷ್ಟು ಚಿಗುರು ಬಂದಿತ್ತು. ದೋಣಿಮನೆಯ ಹಿಂದೆ ವರ್ಷಗಟ್ಟಲೆ ಕೊಳೆಯುತ್ತ ಬಿದ್ದಿದ್ದ ಸೌದೆ ರಾಶಿಯನ್ನು ಇವನು ಚಡ್ಡಿ ಹಾಕಿಕೊಂಡು ಎತ್ತಿ ಜೋಡಿಸಿದ್ದ. ಒಂದು ಸಿಬಿರು ಮೂಳೆಯವರೆಗೂ ಹೊಕ್ಕಿತ್ತು. ಇಕ್ಕಳದಲ್ಲಿ ಎಳೆದು ಬಿಸಾಡಿ ಸುಮ್ಮನಾಗಿದ್ದ.

ಸೌಟಿನಲ್ಲಿ ನೀರು ತೆಗೆದು ಕಾಲಿನ ಮೇಲೆ ಸುರಿದೆ. ಟಾರಿನ ಮೇಲೆ ನೀರು ಮಣಿಮಣಿಯಾಗಿ ಜಾರಿತು. ಟವೆಲ್ಲು ತೆಗೆದುಕೊಂಡು ಉಜ್ಜಿದೆ. ಟಾರಿನ ಜೊತೆ ಒಂದು ಸಿಪ್ಪೆ ಎದ್ದು ಬಂತು. ಅಡಿಯಲ್ಲಿ ದ್ರಾಕ್ಷಿ ಗಾತ್ರದ ಗಂಟು, ಮುರುಟಿದ ಆಲೂಗಡ್ಡೆಯ ಬಣ್ಣ, ನೆತ್ತಿಯ ಮೇಲೆ ಕಪ್ಪು ಚುಕ್ಕೆಗಳು. ಅದರ ಸುತ್ತ ಮೂರು ನಾಲ್ಕು ಮರಿಗಂಟು. ನನ್ನ ಬೆರಳು ತಾಗಿದ ಕಡೆಯಿಂದ ಬೂದಿಬಣ್ಣದ ಗಂಜಿ ಇಳಿಯಿತು. ಗಂಜಿಯಲ್ಲಿ ಕಾಳುಮೆಣಸಿನ ಪುಡಿಯಂಥ ಕಪ್ಪು ಕಣಗಳು. ಆ ಬಿಸಿಯಲ್ಲಿ ವಾಸನೆ ಮೂಗಿಗಲ್ಲ, ನಾಲಿಗೆಗೇ ಹತ್ತಿತು. ನಾನು ಹೊರಗೋಡಿ ಮೆಟ್ಟಿಲ ಪಕ್ಕ ಕಕ್ಕಿದೆ. ಮಧ್ಯಾಹ್ನದ ಮೀನಿನ ಸಾರೆಲ್ಲ ಬಂತು.

ತೌನೊ ಟವೆಲ್ಲು ಸುತ್ತಿಕೊಂಡು ಬಂದು ನಿಂತ. "ಅದಕ್ಕೇ ಹೇಳ್ಲಿಲ್ಲ" ಎಂದ.

"ಡಾಕ್ಟ್ರಿಗೆ ತೋರ್ಸಿದ್ಯಾ?"

"ಅವ್ರು ಕಾಲು ಕೇಳ್ಲಿಲ್ಲ."

ಕೇಳಲಿಲ್ಲವಂತೆ. ಎರಡು ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಕೊಡುತ್ತಿದ್ದ. ಹೇಗಿದ್ದೀರಿ ಎಂದರೆ ಪರವಾಗಿಲ್ಲ ಎನ್ನುತ್ತಿದ್ದ. ನಮ್ಮ ಗಂಡಸರು ಮರ ಮೈಮೇಲೆ ಬಿದ್ದರೂ ಹೇಳುವುದು ಅಷ್ಟೇ. ರಕ್ತದ ಅಂಕಿ ಚೆನ್ನಾಗಿದೆ, ಕಿಡ್ನಿ ಚೆನ್ನಾಗಿದೆ, ಹೋಗಿ ಬನ್ನಿ. ಪ್ಯಾಂಟು ಮೇಲೆತ್ತಿ ಎನ್ನುವವರಿರಲಿಲ್ಲ, ಇವನಾಗಿ ಎತ್ತುವವನಲ್ಲ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂದು ಸುಮ್ಮನೆ ಹೇಳುತ್ತಾರೆಯೇ. ಕೋಡಂಗಿಯಾದ ನಾನು ಮೆಟ್ಟಿಲ ಮೇಲೆ ಕೂತು ಬಾಯಿ ಒರೆಸಿಕೊಂಡೆ.

ಟಾರಿನ ಡಬ್ಬಿಯ ಒಡೆಯ, ಪಕ್ಕದ ದಡದ ಒನ್ನಿ, ಮರುದಿನ ಎಂದಿನಂತೆ ಕಾಫಿಗೆ ಬಂದ. ಹೆಂಡತಿ ಸತ್ತ ಮೇಲೆ ಅವನ ಭಾನುವಾರದ ಕಾಫಿ ನಮ್ಮಲ್ಲೇ.

"ಹೆಂಡ, ಟಾರು, ಸೌನಾ" ಎಂದ, ಟಾರು ಯಾಕೆ ಕೊಟ್ಟೆ ಎಂದು ನಾನು ಕೇಳಿದ್ದಕ್ಕೆ ಬೆರಳು ಮಡಚುತ್ತ. "ಈ ಮೂರಕ್ಕೆ ಬಗ್ಗದ ಕಾಯ್ಲೆ ಸಾವಿಗೇ ಬಗ್ಗೋದು. ನಮ್ಮಜ್ಜಿ ಹೇಳ್ತಿದ್ರು."

"ನಿಮ್ಮಜ್ಜಿ ಯಾರ ಕಿಡ್ನಿ ಹಾಕಿಸ್ಕೊಂಡಿದ್ರು?"

"ನನ್ ದೋಣಿ ನೋಡು. ನಮ್ಮಪ್ಪ ಮಾಡಿದ್ದು. ಟಾರ್ ಇಲ್ದಿದ್ರೆ ಯಾವ್ ಕಾಲಕ್ಕೋ ಕೊಳ್ತು ಹೋಗ್ತಿತ್ತು."

"ತೌನೊ ದೋಣಿಯಲ್ಲ ಒನ್ನಿ."

"ಮಾತಾಡೋ ವಿಷ್ಯದಲ್ಲಿ ದೋಣೀನೇ."

ತೌನೊ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಡಬ್ಬಿಯನ್ನು ಒನ್ನಿಯ ಕೈಗೆ ಕೊಟ್ಟು, ಕಾಫಿಯ ಕಪ್ಪನ್ನು ಅವನ ಮುಂದಿನಿಂದ ತೆಗೆದುಕೊಂಡೆ. "ಇವತ್ತು ನಿನ್ ಅಜ್ಜಿ ಕೈಲೇ ಕಾಫಿ ಮಾಡಿಸ್ಕೊಂಡು ಕುಡಿ" ಎಂದೆ.

ದೊಡ್ಡಾಸ್ಪತ್ರೆಯಲ್ಲಿ ಒಬ್ಬ ನರ್ಸು ಅಡುಗೆ ಎಣ್ಣೆ ತಂದು ಹತ್ತಿಯಲ್ಲಿ ಅದ್ದಿ ಟಾರು ಒರೆಸಿದಳು. ಎಷ್ಟು ಒರೆಸಿದರೂ ಒಂದಿಷ್ಟು ಕಪ್ಪು ಹೋಗಲಿಲ್ಲ. ಹೋಗದೆ ಉಳಿದದ್ದೇ ರೋಗ. ಗಂಟಿನಿಂದ ಒಂದು ಚೂರು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಕೆಲವು ವಾರದ ಮೇಲೆ ಡಾಕ್ಟರ್ ವಾರಾ ಗಾಜಿನ ತಟ್ಟೆಯೊಂದನ್ನು ತಂದು ತೋರಿಸಿದಳು. ಅಂಬಲಿಯಂಥದರ ಮೇಲೆ ಕಪ್ಪು ಮಖಮಲ್ಲು ಬೆಳೆದಿತ್ತು. ನನ್ನ ಗಂಡನ ಕಾಲಿನ ಬೆಳೆ.

"ಕೊಳೆತ ಮರದ ಮೇಲಿರೋ ಶಿಲೀಂಧ್ರ ಇದು" ಎಂದಳು. "ಎಲ್ಲಾ ಕಡೆ ಇರುತ್ತೆ. ನಿಮ್ಮ ಕಾಲಿಗೋ ನನ್ನ ಕಾಲಿಗೋ ಚುಚ್ಚಿದ್ರೆ ನಾಲ್ಕು ದಿನಕ್ಕೆ ಸತ್ತೋಗುತ್ತೆ. ಇವ್ರ ಮೈಲಿ ಕಾವಲಿಲ್ವಲ್ಲ, ಮನೆ ಮಾಡ್ಕೊಂಡಿದೆ. ತುಂಬಾ ಅಪರೂಪ. ನಾನೂ ಪುಸ್ತಕದಲ್ಲಷ್ಟೇ ನೋಡಿದ್ದೆ."

"ಟಾರು ಹಚ್ಚಿದ್ರಲ್ಲ, ಅದರಿಂದ ಏನಾಯ್ತು?" ಎಂದೆ.

"ಸಾಯ್ಲಿಲ್ಲ. ಯಾರ ಕಣ್ಣಿಗೂ ಬೀಳ್ಲಿಲ್ಲ, ಅಷ್ಟೆ."

ಅಪರೂಪವೆಂದ ಮೇಲೆ ಕೇಳಬೇಕೆ. ಎಳೆಯ ಡಾಕ್ಟರುಗಳ ಹಿಂಡು ಕ್ಯಾಮೆರಾ ಹಿಡಿದುಕೊಂಡು ಬಂತು. ತೌನೊನ ಕಾಲಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ಹೊಡೆದರು. ಒಬ್ಬಳು ಕಣ್ಣರಳಿಸಿ, "ಎಷ್ಟು ಚೆನ್ನಾಗಿ ಬೆಳ್ದಿದೆ" ಎಂದಳು. ನನಗೆ ಗಂಟಿಗಿಂತ ಅವಳ ಮೇಲೆ ಹೆಚ್ಚು ಹೇಸಿಗೆಯಾಯಿತು. ತೌನೊ ಮಾತ್ರ ಮದುವೆಮನೆಯಲ್ಲಿ ಫೋಟೋಕ್ಕೆ ನಿಂತವನಂತೆ ಕಾಲು ಅಲ್ಲಾಡಿಸದೆ ಕೂತಿದ್ದ.

ಗಂಟುಗಳನ್ನು ಸುತ್ತಲಿನ ಮಾಂಸದ ಸಮೇತ ಕೆತ್ತಿ ತೆಗೆದರು. ಬೂಷ್ಟು ಕೊಲ್ಲುವ ಮಾತ್ರೆ ಕೊಟ್ಟರು. ಬೇಸಿಗೆಯ ನಡುವೆ, ನಮ್ಮ ಉತ್ತರದ ಊರಲ್ಲಿ ಕತ್ತಲೇ ಆಗದ ದಿನಗಳಲ್ಲಿ, ಕೆತ್ತಿದ ಜಾಗದ ಮೇಲ್ಗಡೆ ಚರ್ಮದಡಿಯಲ್ಲಿ ಬಟಾಣಿಯಂಥ ಗಂಟು ಮತ್ತೆ ಎದ್ದಿತು. ಆಮೇಲೆ ಅದರ ಮೇಲೊಂದು. ಮಂಡಿ ದಾಟಿ ತೊಡೆಯ ಕಡೆ, ಒಂದೇ ಸಾಲಿನಲ್ಲಿ, ಮೆಟ್ಟಿಲು ಹತ್ತುವಂತೆ ಹತ್ತುತ್ತಿತ್ತು.

ಡಾಕ್ಟರ್ ವಾರಾ ಈ ಸಲ ಅಡ್ಡಗೋಡೆಯ ಮೇಲೆ ದೀಪವಿಡಲಿಲ್ಲ. "ಬರೀ ಮಾತ್ರೆಗೆ ಇದು ಬಗ್ಗಲ್ಲ. ಕಾವಲುಗಾರರನ್ನ ಎಬ್ಬಿಸ್ಬೇಕು. ಅಂದ್ರೆ ಕಿಡ್ನಿಗೋಸ್ಕರ ಕೊಡ್ತಿರೋ ಔಷಧಿ ಇಳಿಸ್ಬೇಕು, ತುಂಬಾನೇ ಇಳಿಸ್ಬೇಕು. ಎದ್ದವ್ರು ಬೂಷ್ಟಿನ ಜೊತೆ ಕಿಡ್ನಿಗೂ ಹೊಡೀಬಹುದು. ಕಿಡ್ನಿ ಹೋಗಬಹುದು."

"ಅದನ್ನ ಮುಟ್ಬೇಡಿ" ಎಂದ ತೌನೊ. ಆ ಕೋಣೆಯಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು. "ಬೇಕಾದ್ರೆ ಕಾಲು ತೆಗೀರಿ."

"ಕಾಲಿಗೇ ನಿಲ್ಲುತ್ತೆ ಅಂತ ಏನು ಖಾತ್ರಿ? ಶ್ವಾಸಕೋಶಕ್ಕೋ ಮಿದುಳಿಗೋ ಹೋದ್ರೆ ನೀವೇ ಉಳಿಯಲ್ಲ."

"ಅದು ನಂದಲ್ಲ, ಅವಳದು. ಮುಟ್ಬೇಡಿ."

ಡಾಕ್ಟರ್ ನನ್ನ ಮುಖ ನೋಡಿದಳು. ಒಂದು ಗಂಟೆ ಬಿಟ್ಟು ಬರುತ್ತೇವೆಂದು ಹೇಳಿ ಅವನನ್ನು ಕೆಳಗಿನ ಕಾಫಿ ಅಂಗಡಿಗೆ ಎಳೆದುಕೊಂಡು ಹೋದೆ. ಕಾಫಿಯ ಜೊತೆ ದಾಲ್ಚಿನ್ನಿ ಬನ್ನು ತಂದು ಮುಂದಿಟ್ಟೆ. ಅವನು ಬನ್ನಿನ ಸುರುಳಿ ಬಿಡಿಸುತ್ತ ಕೂತ.

"ಬಾಯ್ಬಿಡು" ಎಂದೆ. "ಚಳಿಗಾಲ ಪೂರ್ತಿ ಯಾಕ್ ಮುಚ್ಚಿಟ್ಟೆ? ಡಾಕ್ಟ್ರು ಕೇಳ್ಲಿಲ್ಲ ಅಂತ ನನ್ ಹತ್ರ ಹೇಳ್ಬೇಡ."

ಸುರುಳಿಯನ್ನು ಕೊನೆಯವರೆಗೂ ಬಿಡಿಸಿದ. ಆಮೇಲೆ, "ನಿನ್ ಮುಖ" ಎಂದ.

"ನನ್ ಮುಖಕ್ಕೇನಾಗಿದೆ?"

"ಬೂಷ್ಟು ಹಿಡಿದ ಬ್ರೆಡ್ ನೋಡಿದಾಗ ಒಂಥರಾ ಆಗುತ್ತಲ್ಲ. ನನ್ ನೋಡಿ ಹಾಗಾಗೋದು ಬೇಡ ಅನ್ನಿಸ್ತು. ಮೈಯೊಳಗಿಂದು ಕಿತ್ಕೊಟ್ಟಿದ್ದೀಯ. ಅದನ್ನ ನೋಡ್ಕೋ ಅಂದ್ರೆ ನಾನು ಸೌದೆ ಜೋಡಿಸೋಕೆ ಹೋದೆ."

ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಮರುಕವೂ ಹುಟ್ಟಿತು. ಸಿಟ್ಟೇ ಮೊದಲು ಬಾಯಿಗೆ ಬಂತು.

"ಮುಖ ನನ್ ಕೈಲಿಲ್ಲ ಕಣೋ. ಹೇಸಿಗೆ ಆದ್ರೆ ಹೇಸಿಗೆ ಆಗುತ್ತೆ. ನಿನ್ ಕಾಲು ನೋಡಿದ್ರೆ ಈಗ್ಲೂ ವಾಕರಿಕೆ ಬರುತ್ತೆ, ಸುಳ್ಳು ಯಾಕೆ ಹೇಳ್ಲಿ? ಬ್ರೆಡ್ಡಾದ್ರೆ ಎಸೀಬಹುದು. ನಿನ್ನ ಎಸೀಬೇಕಂದ್ರೆ ಇಬ್ರು ಆಳು ಬೇಕು."

ಅವನ ತುಟಿ ಒಂದಿಷ್ಟು ಅಲುಗಿತು.

"ಕೇಳಿಲ್ಲಿ" ಎಂದೆ. "ನಾನು ಕಿಡ್ನಿ ಕೊಟ್ಟಿದ್ದು ಬೀರೂಲಿಟ್ಟು ಕಾಯ್ಲಿ ಅಂತಲ್ಲ. ನೀನ್ ಬದುಕ್ಲಿ ಅಂತ. ಅದು ಹೋದ್ರೆ ಹೋಗ್ಲಿ. ನೀನ್ ಹೋಗಿ ಅದು ಒಳ್ಗಡೆ ಚೆನ್ನಾಗಿದ್ರೆ ಅದನ್ನ ಮಣ್ಣು ಮಾಡ್ಲಾ, ವಾಪಸ್ ಹಾಕಿಸ್ಕೊಳ್ಲಾ?"

ತೌನೊ ಬನ್ನು ತಿಂದ. ಕಪ್ಪಿನ ತಳದ ಕಾಫಿಯನ್ನೂ ಕುಡಿದ. ಮೇಲೆ ಹೋಗಿ ಡಾಕ್ಟರಿಗೆ ಔಷಧಿ ಇಳಿಸಿ ಎಂದ.

ಕೆತ್ತಿದ ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟಿದ್ದರು, ತಾನಾಗಿ ತುಂಬಿ ಬರಲಿ ಎಂದು. ಅದನ್ನು ತೊಳೆದು ಕಟ್ಟುವ ಕೆಲಸ ನನ್ನದಾಯಿತು. ಊರಿನ ನರ್ಸು ಬರುತ್ತೇನೆಂದರೂ ನಾನೇ ಬೇಡವೆಂದೆ. ಅವಳ ಉಗುರಿನಲ್ಲಿ ತೋಟದ ಮಣ್ಣು ಕಂಡಿದ್ದೆ. ದಿನಾ ಪಟ್ಟಿ ಬಿಚ್ಚಿದಾಗ ಹಳದಿ ನೀರು ಅಂಟಿದ ಬಟ್ಟೆ ಚರ್ಮವನ್ನು ಎಳೆದುಕೊಂಡು ಬರುತ್ತಿತ್ತು. ಒಳಗೆ ಹಸಿಮಾಂಸದ ಕುಳಿ, ಸ್ನಾಯು ಮಿಸುಕುವುದು ಕಾಣುತ್ತಿತ್ತು. ಉಸಿರು ಬಿಗಿಹಿಡಿದು ತೊಳೆಯುತ್ತಿದ್ದೆ, ಮುಗಿದ ಮೇಲೆ ಹೊರಗೆ ಹೋಗಿ ಗಾಳಿ ಕುಡಿಯುತ್ತಿದ್ದೆ. ರೂಢಿಯಾಗುತ್ತದೆ ಎಂದರು ಎಲ್ಲರೂ. ಆಗಲಿಲ್ಲ. ತೌನೊ ನಾನು ಮುಗಿಸುವವರೆಗೂ ಕಿಟಕಿಯಾಚೆ ನೋಡುತ್ತಿದ್ದವನು, ಬರಬರುತ್ತ ನನ್ನ ಮುಖವನ್ನೇ ನೋಡತೊಡಗಿದ. "ಇವತ್ತು ಸೊಟ್ಟ ಸ್ವಲ್ಪ ಕಮ್ಮಿ" ಎನ್ನುತ್ತಿದ್ದ. ಗಾಯದ ಬಗ್ಗೆ ಅಲ್ಲ, ನನ್ನ ಮೂತಿಯ ಬಗ್ಗೆ.

ಕಾವಲುಗಾರರು ಎದ್ದರು. ಮೊದಲು ತೊಡೆಯ ಗಂಟು ಒಣಗಿತು, ಆಮೇಲೆ ಮಂಡಿಯದು. ಎಲೆ ಹಳದಿಯಾಗುವ ಹೊತ್ತಿಗೆ ಕುಳಿ ತುಂಬಿ, ಮೇಲೆ ತೆಳ್ಳನೆಯ ನೇರಳೆ ಚರ್ಮ ಬಂದಿತು. ಕತ್ತರಿಸಿ ನೋಡಿದ ಚೂರಿನಲ್ಲಿ ಬೂಷ್ಟಿನ ಸುಳಿವಿಲ್ಲ ಎಂದರು.

ಅದೇ ಹೊತ್ತಿಗೆ ಅವನ ಪಾದ ಊದಿಕೊಂಡಿತು. ಬೆಳಿಗ್ಗೆ ಬಚ್ಚಲಿಂದ ಬಂದು ಏನೂ ಹೇಳದೆ ಕೂರತೊಡಗಿದ. ನಾನೂ ಕೇಳಲಿಲ್ಲ. ಬಾಯಲ್ಲಿ ಕಬ್ಬಿಣದ ರುಚಿ ಎಂದು ಮೀನು ತಿನ್ನುವುದನ್ನು ಬಿಟ್ಟ. ರಕ್ತದ ಅಂಕಿ ಬಂದಾಗ ಡಾಕ್ಟರ್ ವಾರಾ ಮಾತು ಬೆಳೆಸಲಿಲ್ಲ. ಎದ್ದವರು ಬೂಷ್ಟನ್ನೂ ಬಿಟ್ಟಿರಲಿಲ್ಲ, ನನ್ನದನ್ನೂ ಬಿಟ್ಟಿರಲಿಲ್ಲ. ಮತ್ತೆ ಡಯಾಲಿಸಿಸ್. ಮತ್ತೆ ಅದೇ ಯಂತ್ರ, ಅಲ್ಲಿಗೆ ಕರೆದೊಯ್ಯುವ ಅದೇ ಟ್ಯಾಕ್ಸಿಯವನು.

ಒಂದು ತಿಂಗಳ ಮೇಲೆ ಡಾಕ್ಟರ್ ವಾರಾ ನಮ್ಮಿಬ್ಬರನ್ನೂ ಕರೆಸಿ, ಒಂದು ವಿಷಯ ತೀರ್ಮಾನ ಮಾಡಬೇಕು ಎಂದಳು.

"ನಿಂತುಹೋದ ಕಿಡ್ನಿಯನ್ನ ಸಾಮಾನ್ಯವಾಗಿ ಒಳಗೇ ಬಿಟ್ಬಿಡ್ತೀವಿ. ನಿಧಾನಕ್ಕೆ ಕುಗ್ಗಿ ಗಟ್ಟಿಯಾಗುತ್ತೆ. ಜ್ವರ, ನೋವು ಬಂದ್ರೆ ತೆಗೀತೀವಿ. ಈಗ್ಲೇ ತೆಗೆಸ್ಬೇಕು ಅಂತ ನಿಮ್ಗೆ ಅನ್ಸಿದ್ರೆ ಅದನ್ನೂ ಯೋಚ್ನೆ ಮಾಡ್ಬಹುದು."

ನನಗೆ ಇದು ಗೊತ್ತಿರಲಿಲ್ಲ. ಸತ್ತದ್ದನ್ನು ಹೇಗೂ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅಷ್ಟು ದಿನವೂ ಅದು ಅವನೊಳಗೆ ಸತ್ತು ಬಿದ್ದಿತ್ತು. ನನ್ನ ಮಾಂಸ, ಊಟದ ಮೇಜಿನಲ್ಲಿ ನನ್ನೆದುರು, ಹಾಸಿಗೆಯಲ್ಲಿ ನನ್ನ ಪಕ್ಕ. ಮುಖ ಏನಾಯಿತೋ ನನಗೆ ಗೊತ್ತಿಲ್ಲ, ಡಾಕ್ಟರು ಒಂದು ಲೋಟ ನೀರು ಮುಂದೆ ಸರಿಸಿದಳು.

"ತೆಗೀರಿ" ಎಂದೆ. "ಸತ್ತದ್ದು ಒಳಗ್ಯಾಕೆ? ತೆಗ್ದು ಬಿಸಾಕಿ."

"ಬೇಡ" ಎಂದ ತೌನೊ.

"ಏನ್ ಬೇಡ? ಸತ್ತಿದೆ ಅದು. ಹೆಣ ಹೊತ್ಕೊಂಡು ತಿರುಗ್ತೀಯಾ?"

"ಭಾರ ಏನಿಲ್ಲ."

"ನನಗೆ ಹೇಸಿಗೆ ಆಗುತ್ತೆ ಕಣೋ."

"ಕಾಣ್ತಿದೆ" ಎಂದ, ನನ್ನ ಮುಖವನ್ನು ನೇರವಾಗಿ ನೋಡುತ್ತ. "ಆಗ್ಲಿ."

ಡಾಕ್ಟರ್ ವಾರಾ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ, "ಕೊಟ್ಟವ್ರು ಇಷ್ಟು ಹೇಳ್ತಿದ್ದಾರೆ ಅಂದ್ಮೇಲೆ..." ಎಂದು ಶುರುಮಾಡಿದಳು.

"ಕೊಟ್ಟಾಯ್ತಲ್ಲ ಅವಳು" ಎಂದ ತೌನೊ. "ಈಗ ಅದು ನಂದು."

ಅದು ಬದುಕಿ ಬಕೆಟ್ಟುಗಟ್ಟಲೆ ಕೆಲಸ ಮಾಡಿದ ಒಂದು ದಿನವೂ ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ನನಗೆ ವಾಕರಿಕೆಯೂ ಬಂತು, ಅಳುವೂ ಬಂತು. ಡಾಕ್ಟರು ತೌನೊನ ಮಾತನ್ನೇ ಬರೆದುಕೊಂಡಳು.